ಬರಿಗೈಯಲ್ಲಿ 210 ಕ್ಯಾಚ್

ಭರಮಸಾಗರದ ಯಾವುದೇ ಬಯಲಲ್ಲಿ ಹುಡುಗರ ಕ್ರಿಕೆಟ್ ನೋಡಿ. ಬ್ಯಾಟಿಗೆ ಜಗಳ, ಬೌಲಿಂಗಿಗೆ ಜಗಳ. ಸ್ಲಿಪ್‌ನಲ್ಲಿ ನಿಲ್ಲಲು ಮಾತ್ರ ಯಾರೂ ಮುಂದೆ ಬರುವುದಿಲ್ಲ. ನಮ್ಮ ರಾಹುಲ್ ದ್ರಾವಿಡ್ ವಿಶ್ವದಾಖಲೆ ಬರೆದದ್ದು ಇದೇ ಜಾಗದ ಬಲದಿಂದ.

1973ರಲ್ಲಿ ಇಂದೋರ್‌ನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ದ್ರಾವಿಡ್, ಬಾಲ್ಯದಲ್ಲಿ ವಿಕೆಟ್ ಕೀಪರ್ ಆಗಿದ್ದರು. ಕಾಲೇಜಿನಲ್ಲಿ ಓದುತ್ತಿರುವಾಗಲೇ, 1991ರಲ್ಲಿ, ಕರ್ನಾಟಕದ ಪರ ರಣಜಿಗೆ ಕಾಲಿಟ್ಟು ಮೊದಲ ಪಂದ್ಯದಲ್ಲಿ 82 ರನ್ ಹೊಡೆದರು. 1996ರ ಜೂನ್‌ನಲ್ಲಿ ಲಾರ್ಡ್ಸ್‌ನ ಚೊಚ್ಚಲ ಟೆಸ್ಟ್‌ನಲ್ಲಿ 95. ಮುಂದಿನದೆಲ್ಲ ಮನೆಮಾತು: 164 ಟೆಸ್ಟ್, 13,288 ರನ್, 'ಗೋಡೆ' ಎಂಬ ಬಿರುದು. ಆ ಬಿರುದಿನ ನೆರಳಿನಲ್ಲಿ ಅವರ ಕೈಗಳ ಕೆಲಸ ಮರೆಯಾಗಿಬಿಟ್ಟಿತು.

ಬೇಸ್‌ಬಾಲ್‌ನ ಇನ್‌ಫೀಲ್ಡರ್‌ಗೆ ದಪ್ಪ ಚರ್ಮದ ಕೈಗವಸು ಉಂಟು. ಕ್ರಿಕೆಟ್‌ನ ಸ್ಲಿಪ್ ಆಟಗಾರನದು ಬರಿಗೈ. ಸ್ಪಿನ್ ಬೌಲಿಂಗ್‌ಗೆ ಆತ ಬ್ಯಾಟಿನಿಂದ ಐದು ಮೀಟರ್ ದೂರದಲ್ಲಿ ನಿಂತಿದ್ದಾನೆ, ಅಂಚಿಗೆ ತಾಗಿದ ಚೆಂಡು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಬರುತ್ತಿದೆ ಎಂದಿಟ್ಟುಕೊಳ್ಳಿ. ಸಿಗುವ ಸಮಯ ಕಾಲು ಸೆಕೆಂಡ್. ಕಣ್ಣು ಕಂಡದ್ದಕ್ಕೆ ಕೈ ಕದಲಲು ಸುಮಾರು 0.2 ಸೆಕೆಂಡ್ ಬೇಕು. ಉಳಿದದ್ದು ಎಷ್ಟು? ವಿದ್ಯಾರ್ಥಿಗಳೇ ಕಳೆದು ನೋಡಲಿ.

ಇನ್ನು ಹಿಡಿಯುವ ಬಗೆ. 160 ಗ್ರಾಂ ತೂಕದ ಆ ಚೆಂಡನ್ನು ಗಡುಸು ಅಂಗೈ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ತಡೆದರೆ ಬೀಳುವ ಸರಾಸರಿ ಬಲ 320 ನ್ಯೂಟನ್. ಹೆಚ್ಚುಕಡಿಮೆ 32 ಕಿಲೋ ಭಾರ! ಚೆಂಡಿನೊಡನೆ ಕೈಯನ್ನು ಹಿಂದಕ್ಕೆಳೆದು ಸಮಯವನ್ನು ಐದು ಪಟ್ಟು ಹಿಗ್ಗಿಸಿದರೆ ಬಲ 64 ನ್ಯೂಟನ್‌ಗೆ ಇಳಿಯುತ್ತದೆ. ಚೆಂಡು ಪುಟಿದು ಹೋಗದೆ ಕೈಯಲ್ಲೇ ಉಳಿಯುತ್ತದೆ. ನ್ಯೂಟನ್ನನ ಎರಡನೇ ನಿಯಮ ಪರೀಕ್ಷೆಗೆ ಮಾತ್ರವಲ್ಲ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಆದರೆ ಲೆಕ್ಕಕ್ಕೆ ಸಿಗದ ಸಂಗತಿಯೊಂದಿದೆ, ಅದು ಕಾಯುವಿಕೆ. ದಿನಕ್ಕೆ 90 ಓವರ್, ಅಂದರೆ 540 ಚೆಂಡು. ಪ್ರತಿಯೊಂದಕ್ಕೂ ಬಗ್ಗಿ ನಿಲ್ಲಬೇಕು; ಬರುವುದು ಒಂದೋ ಎರಡೋ, ಕೆಲವು ದಿನ ಅದೂ ಇಲ್ಲ. ಆ ಒಂದನ್ನು ಕೈಬಿಟ್ಟರೆ ಬೌಲರನ ಇಡೀ ದಿನದ ಬೆವರು ನೀರುಪಾಲು. ಕುಂಬ್ಳೆಯವರ ಬೌಲಿಂಗ್‌ನಲ್ಲಿ 55, ಹರಭಜನ್ ಸಿಂಗ್ ಬೌಲಿಂಗ್‌ನಲ್ಲಿ 51 ಕ್ಯಾಚ್‌ಗಳನ್ನು ದ್ರಾವಿಡ್ ಹಿಡಿದರು. ಅವರ ಒಟ್ಟು ಲೆಕ್ಕದ ಅರ್ಧದಷ್ಟು ಇವೇ. ಕುಂಬ್ಳೆಯವರ 619 ವಿಕೆಟ್‌ಗಳನ್ನು ಹೊಗಳುವವರು ಸ್ಲಿಪ್ ಕಡೆಗೂ ಒಮ್ಮೆ ನೋಡುವುದು ನ್ಯಾಯ.

2009ರಲ್ಲಿ ವೆಲಿಂಗ್ಟನ್‌ನಲ್ಲಿ ಅವರು ಆಸ್ಟ್ರೇಲಿಯದ ಮಾರ್ಕ್ ವಾ ಅವರ 181 ಕ್ಯಾಚ್‌ಗಳ ದಾಖಲೆಯನ್ನು ದಾಟಿದರು. 2012ರ ಮಾರ್ಚ್‌ನಲ್ಲಿ ನಿವೃತ್ತರಾದಾಗ ಸಂಖ್ಯೆ 210. ಹದಿಮೂರು ವರ್ಷ ಅದನ್ನು ಯಾರೂ ಮೀರಲಿಲ್ಲ. 2025ರ ಜುಲೈನಲ್ಲಿ ಇಂಗ್ಲೆಂಡಿನ ಜೋ ರೂಟ್ ಸ್ಲಿಪ್‌ನಲ್ಲಿ ಒಂದೇ ಕೈಯಲ್ಲಿ 211ನೆಯದನ್ನು ಹಿಡಿದರು. ಮೈದಾನ, ದ್ರಾವಿಡ್ ಟೆಸ್ಟ್ ಬದುಕು ಆರಂಭಿಸಿದ ಅದೇ ಲಾರ್ಡ್ಸ್. ಔಟಾದವರು, ಕರ್ನಾಟಕದಲ್ಲೇ ಆಡಿ ಬೆಳೆದ ಕರುಣ್ ನಾಯರ್.