ತಗ್ಗಿಸಿದ ಮೋಟಾರು

ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಂಡವರಿಗೆ, ಬಣ್ಣದ ಚಿಂತೆ ತೀರಿದ ಮೇಲೆ ಹುಟ್ಟುವ ಮೊದಲನೆಯ ಆಸೆಯೆಂದರೆ ಅದನ್ನು ನೆಲಕ್ಕೆ ಇನ್ನಷ್ಟು ಹತ್ತಿರ ಮಾಡಬೇಕೆಂಬುದು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಕಾಣುವ ಬರಿದಾದ ಜಾಗವು ಅವರ ಕಣ್ಣನ್ನು ಚುಚ್ಚುತ್ತದೆ. ಒಂದಂಗುಲ ಇಳಿಸಿದರೆ ರೂಪಕ್ಕೆ ರೂಪವೂ ಆಯಿತು, ತಿರುವಿನಲ್ಲಿ ಹಿಡಿತಕ್ಕೆ ಹಿಡಿತವೂ ಆಯಿತು ಎಂದು ಸ್ನೇಹಿತರು ಹೇಳುತ್ತಾರೆ, ಗ್ಯಾರೇಜಿನವರೂ ತಲೆಯಾಡಿಸುತ್ತಾರೆ. ರೂಪದ ಮಾತು ಅವರವರ ಅಭಿರುಚಿಗೆ ಸೇರಿದ್ದು. ಅದರಲ್ಲಿ ನಾವು ಕೈಹಾಕುವುದಿಲ್ಲ. ಹಿಡಿತದ ಮಾತನ್ನಾದರೋ ಲೆಕ್ಕಕ್ಕೆ ಹಚ್ಚಿ ನೋಡಬಹುದು. ಬೆಂಗಳೂರಿನಿಂದ ಚಿತ್ರದುರ್ಗದ ಮೇಲೆ ಹೊಸಪೇಟೆಯವರೆಗೆ ಬರುವ ಹೆದ್ದಾರಿಯಲ್ಲಿ ಎಂಥ ತಗ್ಗಿನ ಕಾರಾದರೂ ಸುಖವಾಗಿ ಬಂದೀತು. ಹೊಸಪೇಟೆಯಿಂದ ಮುಂದೆ ಹಂಪಿಗೊಂದು, ಸಂಡೂರಿಗೊಂದು, ಕಂಪ್ಲಿಗೊಂದು ದಾರಿ ಹೊರಡುತ್ತದೆ. ಈ ಮೂರು ದಾರಿಗಳೇ ನಮಗೆ ಇಂದು ಪರೀಕ್ಷಕರು.

ಮೊದಲು ಮೂಲತತ್ತ್ವ. ಆನೆಗೊಂದಿಯ ಬಳಿ ಹರಿಗೋಲಿನಲ್ಲಿ ತುಂಗಭದ್ರೆಯನ್ನು ದಾಟಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಜನ ಹತ್ತಿದೊಡನೆ ಅಂಬಿಗನ ಬಾಯಿಂದ ಬರುವ ಮಾತು “ಕುಂತ್ಕಳ್ರಿ” ಎಂಬುದು. ನಿಂತ ಮನುಷ್ಯನಿಗೂ ಕುಳಿತ ಮನುಷ್ಯನಿಗೂ ತೂಕದಲ್ಲಿ ಭೇದವಿಲ್ಲ; ಆ ತೂಕವು ಎಷ್ಟು ಎತ್ತರದಲ್ಲಿದೆಯೆಂಬುದರಲ್ಲಿ ಭೇದವುಂಟು. ವಸ್ತುವಿನ ತೂಕವೆಲ್ಲವೂ ಒಂದೇ ಬಿಂದುವಿನಲ್ಲಿ ನೆಲಸಿದೆಯೆಂದು ಭಾವಿಸಬಹುದಾದ ಆ ಸ್ಥಾನವನ್ನು ಗುರುತ್ವಕೇಂದ್ರವೆನ್ನುತ್ತೇವೆ. ಅದು ಮೇಲಿದ್ದಷ್ಟೂ ಪಕ್ಕದ ಸೆಳೆತಕ್ಕೆ ವಾಹನವು ಹೆಚ್ಚಾಗಿ ಬಾಗುತ್ತದೆ. ಕಂಪ್ಲಿಯ ಸೀಮೆಯಲ್ಲಿ ಕಬ್ಬು ಹೇರಿದ ಬಂಡಿಯು ಗದ್ದೆಯ ಬದುವನ್ನು ಏರುವಾಗ ಬಂಡಿಯವನು ಎತ್ತುಗಳ ಮೂಗುದಾರ ಹಿಡಿದು ಕೆಳಗೆ ನಡೆಯುವುದು ಇದನ್ನು ಬಲ್ಲದ್ದರಿಂದಲೇ. ಹಂಪಿಯ ವಿರೂಪಾಕ್ಷನ ತೇರು ಅಷ್ಟೆತ್ತರಕ್ಕೆ ಏರಿಯೂ ನೆಟ್ಟಗಿರುವುದಕ್ಕೆ ಅದು ನೇರವಾದ ಬೀದಿಯಲ್ಲಿ ನಡಿಗೆಗಿಂತಲೂ ಮೆಲ್ಲಗೆ ಸಾಗುವುದೇ ಕಾರಣ. (ವಿಠ್ಠಲನ ಗುಡಿಯ ಕಲ್ಲಿನ ತೇರು ಹೇಗೂ ಸಾಗುವುದಿಲ್ಲ. ಆದರೂ ಅದು ತಗ್ಗಿದ್ದುಂಟು: 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಅದರ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ, ಇಂದು ಇಲ್ಲ.)

ಇನ್ನು ಲೆಕ್ಕ. ಕಾರಿನ ತೂಕ 1000 ಕಿಲೋಗ್ರಾಂ, ಎಡಬಲ ಚಕ್ರಗಳ ನಡುವಣ ಅಗಲ 50 ಅಂಗುಲ, ಗುರುತ್ವಕೇಂದ್ರದ ಎತ್ತರ 20 ಅಂಗುಲ ಎಂದು ಹಿಡಿಯೋಣ. ನೇರವಾದ ದಾರಿಯಲ್ಲಿ ಎಡಮಗ್ಗುಲ ಚಕ್ರಗಳ ಮೇಲೆ 500, ಬಲಮಗ್ಗುಲ ಚಕ್ರಗಳ ಮೇಲೆ 500 ಕಿಲೋಗ್ರಾಂ ಭಾರವಿರುತ್ತದೆ. ರಭಸದ ತಿರುವೊಂದರಲ್ಲಿ, ಕಾರಿನ ತೂಕದ ಅರ್ಧದಷ್ಟು ಬಲವು ಅದನ್ನು ಹೊರಕ್ಕೆ ಸೆಳೆಯುತ್ತಿದೆಯೆನ್ನಿ. ಆಗ ಒಳಮಗ್ಗುಲಿನಿಂದ ಹೊರಮಗ್ಗುಲಿಗೆ ವರ್ಗವಾಗುವ ಭಾರವು 1000ದ ಅರ್ಧವನ್ನು 20ರಿಂದ ಗುಣಿಸಿ 50ರಿಂದ ಭಾಗಿಸಿದಷ್ಟು, ಅಂದರೆ 200 ಕಿಲೋಗ್ರಾಂ. ಹೊರಗಿನ ಚಕ್ರಗಳ ಮೇಲೆ 700, ಒಳಗಿನವುಗಳ ಮೇಲೆ 300 ಆಯಿತು. ಈಗ ಕಾರನ್ನು ಒಂದಂಗುಲ ತಗ್ಗಿಸಿ, 20ರ ಸ್ಥಾನದಲ್ಲಿ 19 ಇಟ್ಟು ನೋಡಿರಿ. ವರ್ಗವಾಗುವ ಭಾರ 190. ಹೊರಗೆ 690, ಒಳಗೆ 310. ಲಾಭವು ಇಪ್ಪತ್ತರಲ್ಲಿ ಒಂದು ಪಾಲು. ಇದು ಸುಳ್ಳಲ್ಲ, ಸೊನ್ನೆಯೂ ಅಲ್ಲ. ಆದರೆ ಹೇಳುವವರ ಉತ್ಸಾಹಕ್ಕೆ ತಕ್ಕಷ್ಟು ದೊಡ್ಡದೂ ಅಲ್ಲ. ಕಾರು ಮಗುಚದಂತಾಗುವುದೆಂಬ ಮಾತಂತೂ ಇಲ್ಲಿ ಅಷ್ಟಾಗಿ ಹೊಂದುವುದಿಲ್ಲ. ಇಷ್ಟು ಕುಳ್ಳಾದ ವಾಹನವು ಸಮನಾದ ರಸ್ತೆಯಲ್ಲಿ ಮಗುಚುವುದಕ್ಕೆ ಮುಂಚೆಯೇ ಟೈರುಗಳು ಹಿಡಿತ ಬಿಟ್ಟು ಜಾರುತ್ತವೆ.

ಆ ಇಪ್ಪತ್ತನೆಯ ಪಾಲಿಗೆ ನಾವು ಕೊಡುವ ಬೆಲೆಯೇನು? ಚಕ್ರವು ಉಬ್ಬನ್ನು ಹತ್ತಿದಾಗ ಮೇಲಕ್ಕೆ ಸರಿಯಲು ಸ್ಪ್ರಿಂಗಿನ ಮೇಲೆ ಸ್ವಲ್ಪ ಅವಕಾಶವಿರುತ್ತದೆ. ಆ ಅವಕಾಶ ಮುಗಿದಲ್ಲಿ ರಬ್ಬರಿನ ತಡೆಯೊಂದಿರುತ್ತದೆ. ಹಳೆಯ ಕಾರಿನಲ್ಲಿ ಆ ಅವಕಾಶವು ಮೂರಂಗುಲವೆನ್ನೋಣ. ಒಂದಂಗುಲ ಇಳಿಸಿದರೆ ಉಳಿಯುವುದು ಎರಡೇ. ಗಳಿಸಿದ್ದು ಇಪ್ಪತ್ತರಲ್ಲಿ ಒಂದು, ಕಳೆದದ್ದು ಮೂರರಲ್ಲಿ ಒಂದು. ಅಷ್ಟಕ್ಕೇ ಮುಗಿಯಲಿಲ್ಲ. ಸ್ಪ್ರಿಂಗು ನುಂಗಬಲ್ಲ ಪೆಟ್ಟು ಅದು ಕುಗ್ಗುವ ದೂರದ ವರ್ಗಕ್ಕೆ ಸಮನಾಗಿ ಏರಿಳಿಯುತ್ತದೆ: ಮೂರಕ್ಕೆ ಒಂಬತ್ತಾದರೆ ಎರಡಕ್ಕೆ ನಾಲ್ಕು ಮಾತ್ರ. ಹಿಂದೆ ಮೂರಂಗುಲದಲ್ಲಿ ತಡೆದುಕೊಳ್ಳುತ್ತಿದ್ದ ಪೆಟ್ಟನ್ನು ಎರಡಂಗುಲದಲ್ಲಿ ತಡೆದುಕೊಳ್ಳಬೇಕಾದರೆ ಸ್ಪ್ರಿಂಗು ಎರಡೂಕಾಲು ಪಟ್ಟು ಬಿರುಸಾಗಿರಬೇಕು. ಅಷ್ಟು ಬಿರುಸಾದಾಗ ನಿಮಿಷಕ್ಕೆ 90 ಸಲ ತೂಗುತ್ತಿದ್ದ ಕಾರು 135 ಸಲ ಕುಲುಕುತ್ತದೆ. ಬಿರುಸು ಮಾಡದೆ ಬರಿದೆ ತಗ್ಗಿಸಿದರೋ, ಹಳ್ಳ ಸಿಕ್ಕಿದಾಗಲೆಲ್ಲ ರಬ್ಬರಿನ ತಡೆಗೆ ಬಡಿಯುತ್ತದೆ. ತಿರುವಿನ ನಡುವೆ ಹಾಗೆ ಬಡಿದ ಕ್ಷಣದಲ್ಲಿ ಸ್ಪ್ರಿಂಗೇ ಇಲ್ಲದಂತಾಗಿ ಚಕ್ರವು ನೆಲವನ್ನು ಬಿಟ್ಟು ಹಾರುತ್ತದೆ. ಹಿಡಿತಕ್ಕೆಂದು ಮಾಡಿದ್ದೇ ಹಿಡಿತವನ್ನು ತಪ್ಪಿಸಿ ಕಾರನ್ನು ರಸ್ತೆಯಿಂದಾಚೆಗೆ ಹಾಕುವುದು ಹೀಗೆ.

ಇನ್ನೊಂದು ಸೂಕ್ಷ್ಮವಿದೆ. ಕಾರಿನ ಒಡಲು ವಾಲುವುದು ಮನಬಂದಂತಲ್ಲ. ಕಣ್ಣಿಗೆ ಕಾಣದ ಒಂದು ಅಚ್ಚಿನ ಸುತ್ತ. ಆ ಅಚ್ಚು ಎಲ್ಲಿದೆಯೆಂಬುದನ್ನು ಮುಂಚಕ್ರಗಳನ್ನು ಹಿಡಿದ ತೋಳುಗಳ ಓರೆಯು ನಿಶ್ಚಯಿಸುತ್ತದೆ. ಕಾರನ್ನು ತಗ್ಗಿಸಿದಾಗ ಈ ತೋಳುಗಳ ಓರೆ ಬದಲಾಗಿ, ಅನೇಕ ಕಾರುಗಳಲ್ಲಿ ಆ ಅಚ್ಚು ಗುರುತ್ವಕೇಂದ್ರಕ್ಕಿಂತಲೂ ಬೇಗ ಕೆಳಗಿಳಿಯುತ್ತದೆ. ಎರಡರ ನಡುವಣ ಅಂತರವೇ ಒಡಲನ್ನು ವಾಲಿಸುವ ಸನ್ನೆಗೋಲು. ಸನ್ನೆಗೋಲು ಉದ್ದವಾದರೆ ತಗ್ಗಿಸಿದ ಕಾರು ಮೊದಲಿಗಿಂತ ಹೆಚ್ಚಾಗಿ ವಾಲುವುದೂ ಉಂಟು. ನೋಟಕ್ಕೆ ಸಿಂಹ, ತಿರುವಿನಲ್ಲಿ ತೊಟ್ಟಿಲು!

ಹಾಗಾದರೆ ತಗ್ಗಿಸುವುದೇ ತಪ್ಪೆ? ಅಲ್ಲ. ಇದಕ್ಕೆ ಇಂಗ್ಲೆಂಡಿನ ಎಂ.ಜಿ.ಬಿ. ಕಾರಿನ ಕಥೆಯು ಒಳ್ಳೆಯ ಸಾಕ್ಷಿ. 1962ರಿಂದ 1980ರವರೆಗೆ ತಯಾರಾದ ಈ ಕಾರಿನ ಮುಂಗಡೆ ಸುರುಳಿ ಸ್ಪ್ರಿಂಗು, ಹಿಂಗಡೆ ನಮ್ಮ ಲಾರಿಗಳಲ್ಲಿರುವಂಥ ಪಟ್ಟಿಪಟ್ಟಿಯ ಕಮಾನು. ಅದರ ರೂಪಕರು ಕೊಟ್ಟ ಎತ್ತರವು ಅಳೆದು ತೂಗಿ ಕೊಟ್ಟದ್ದು. ಆದರೆ 1974ರ ಕೊನೆಯ ಭಾಗದಲ್ಲಿ, ಅಮೆರಿಕೆಯ ಕಾಯಿದೆಗಳು ಬಂಪರಿನ ವಿಷಯದಲ್ಲಿ ಬಿಗಿಯಾದುದರಿಂದ, ಕಾರ್ಖಾನೆಯವರು ಕ್ರೋಮಿಯಂ ಬಂಪರನ್ನು ಬಿಟ್ಟು ದಪ್ಪವಾದ ಕಪ್ಪು ಬಂಪರನ್ನು ಕಟ್ಟಿ, ಇಡೀ ಕಾರನ್ನು ಸುಮಾರು ಒಂದಂಗುಲ ಮೇಲಕ್ಕೆತ್ತಿದರು. ಖರ್ಚು ಉಳಿಸಲು ತೆರೆದ ಕಾರಿನ ಮುಂಗಡೆಯ, ವಾಲುವಿಕೆಯನ್ನು ತಡೆಯುವ ಉಕ್ಕಿನ ಸಲಾಕೆಯನ್ನೂ ತೆಗೆದುಹಾಕಿದರು. ತಿರುವಿನಲ್ಲಿ ಕಾರಿನ ನಡತೆ ಕೆಟ್ಟಿತೆಂದು ಎಲ್ಲರೂ ಆಡಿಕೊಂಡರು. 1977ರ ಮಾದರಿಗೆ ಆ ಸಲಾಕೆಗಳು ಮರಳಿ ಬಂದುವು. ಇಂಥ ಕಾರನ್ನು ಒಂದಂಗುಲ ಇಳಿಸುವುದು ತಗ್ಗಿಸುವುದಲ್ಲ, ಅದರ ಹುಟ್ಟೆತ್ತರಕ್ಕೆ ಮರಳಿಸುವುದು. ಕಾಯಿದೆಗಾಗಿ ಏರಿದ ಕಾರು ಬೇರೆ, ರಸ್ತೆಗಾಗಿ ಏರಿದ್ದ ಕಾರು ಬೇರೆ. ತಮ್ಮದು ಯಾವುದೆಂದು ತಿಳಿದುಕೊಳ್ಳುವುದು ಯಜಮಾನನ ಮೊದಲ ಕೆಲಸ. ಅದಕ್ಕೂ ಮುಂಚೆ, ಐವತ್ತು ವರ್ಷದ ಸ್ಪ್ರಿಂಗು ತಾನಾಗಿಯೇ ಕುಸಿದು ಕಾರು ಈಗಾಗಲೇ ತಗ್ಗಿಲ್ಲವೆ ಎಂದು ಅಳೆದು ನೋಡಬೇಕು.

ಮಾಡುವ ವಿಧಾನಗಳಲ್ಲಿ ಒಂದನ್ನು ಮಾತ್ರ ನಾವು ಖಂಡಿತವಾಗಿ ಬೇಡವೆನ್ನುತ್ತೇವೆ. ಗ್ಯಾಸಿನ ಉರಿಯಿಂದ ಸುರುಳಿಯ ಒಂದು ಸುತ್ತನ್ನು ಕತ್ತರಿಸುವುದು, ಇಲ್ಲವೆ ಕಾಯಿಸಿ ಕುಸಿಯುವಂತೆ ಮಾಡುವುದು. ಉರಿ ತಾಗಿದಲ್ಲಿ ಉಕ್ಕು ತನ್ನ ಹದವನ್ನು ಕಳೆದುಕೊಳ್ಳುತ್ತದೆ. ಎಂಟು ಸುತ್ತಿನ ಸ್ಪ್ರಿಂಗಿನಲ್ಲಿ ಒಂದು ಹೋದರೆ ಉಳಿದದ್ದು ಏಳರಲ್ಲಿ ಒಂದು ಪಾಲಿನಷ್ಟು ಮಾತ್ರ ಹೆಚ್ಚು ಬಿರುಸಾಗುತ್ತದೆ. ಮೇಲೆ ಹೇಳಿದ ಎರಡೂಕಾಲು ಪಟ್ಟಿಗೂ ಇದಕ್ಕೂ ಎಲ್ಲಿಯ ಮಾತು! ಚಕ್ರವು ಹಳ್ಳಕ್ಕೆ ಪೂರ್ತಿಯಾಗಿ ಇಳಿದಾಗ ಮೋಟಾದ ಸ್ಪ್ರಿಂಗು ತನ್ನ ಪೀಠವನ್ನು ಬಿಟ್ಟು ಜರುಗುವ ಭಯವೂ ಉಂಟು. ಬೇಕಾದ ಎತ್ತರಕ್ಕೂ ಬಿರುಸಿಗೂ ತಕ್ಕಂತೆ ಮಾಡಿದ ಸ್ಪ್ರಿಂಗನ್ನು ತರಿಸಿ, ಷಾಕ್ ಅಬ್ಸಾರ್ಬರನ್ನು ಅದಕ್ಕೆ ಹೊಂದಿಸುವುದೇ ಸರಿಯಾದ ಕ್ರಮ. ಹಿಂದಿನ ಕಮಾನಿಗೂ ಅಚ್ಚಿಗೂ ನಡುವೆ ಲೋಹದ ದಿಂಡನ್ನಿಟ್ಟು, ಉದ್ದವಾದ ಬೋಲ್ಟುಗಳಿಂದ ಬಿಗಿಯುವುದುಂಟು. ಕಮಾನು ಬದಲಾಗದಿದ್ದರೂ ರಬ್ಬರಿನ ತಡೆಗಿರುವ ದೂರ ದಿಂಡಿನ ದಪ್ಪದಷ್ಟೂ ಕಡಮೆಯಾಗುತ್ತದೆಂಬುದನ್ನು ಮರೆಯಬಾರದು.

ಈಗ ಪರೀಕ್ಷಕರ ಬಳಿಗೆ ಬರೋಣ. ಹಂಪಿಯ ದಾರಿಯಲ್ಲಿ ಪ್ರಶ್ನೆಯಿರುವುದು ರಸ್ತೆಯುಬ್ಬುಗಳದು. ಭಾರತೀಯ ರಸ್ತೆ ಕಾಂಗ್ರೆಸ್ಸು 1988ರಲ್ಲಿ ಗೊತ್ತುಮಾಡಿದ ಉಬ್ಬು 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರ. ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ದಾಟುವುದಕ್ಕೆ ತಕ್ಕದ್ದು. ಎಂ.ಜಿ.ಬಿ. ಕಾರಿನ ಹಿಂಚಕ್ರ ಮುಂಚಕ್ರಗಳ ನಡುವಣ ದೂರ ಸುಮಾರು 2.3 ಮೀಟರು. ಉಬ್ಬು ಇಷ್ಟು ಅಗಲವಾಗಿದ್ದಾಗ ಕಾರಿನ ನಾಲ್ಕು ಚಕ್ರಗಳೂ ಅದರ ಮೇಲೆಯೇ ನಿಲ್ಲುತ್ತವೆ. ಚಕ್ರಗಳ ಮಟ್ಟಕ್ಕಿಂತ ಉಬ್ಬಿನ ನೆತ್ತಿ ಮೇಲೇಳುವುದು ಸುಮಾರು 4 ಸೆಂಟಿಮೀಟರು ಮಾತ್ರ. ಐದಂಗುಲದ ಕಾರೂ ದಾಟುತ್ತದೆ, ನಾಲ್ಕಂಗುಲದ್ದೂ ದಾಟುತ್ತದೆ. ಆದರೆ ಊರಿನವರು ಮಕ್ಕಳ ಪ್ರಾಣಕ್ಕೆ ಹೆದರಿ ತಾವೇ ಕಾಂಕ್ರೀಟಿನಿಂದ ಕಟ್ಟಿಕೊಂಡ ಉಬ್ಬು ಮೊಳದಗಲವಿದ್ದು ಗೇಣೆತ್ತರವಿರಬಹುದು. ಅದರ ಆಚೆಗೆ ಮುಂಚಕ್ರ, ಈಚೆಗೆ ಹಿಂಚಕ್ರ ನಿಂತಾಗ ಅದರ ಎತ್ತರವೆಲ್ಲವೂ ಕಾರಿನ ಹೊಟ್ಟೆಯ ಕೆಳಗೆ ಬರುತ್ತದೆ. ಅಲ್ಲಿ ಒಂದಂಗುಲವೆಂದರೆ ದಾಟುವುದಕ್ಕೂ ಕೂರುವುದಕ್ಕೂ ಇರುವ ವ್ಯತ್ಯಾಸ. ಊರಿನವರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಅವರ ಅಂಗುಲಕ್ಕೂ ಕಾರಣವಿದೆ.

ಸಂಡೂರಿನ ದಾರಿಯದು ಬೇರೆ ಸ್ವಭಾವ. ಬೆಟ್ಟ, ಕಾಡು, ತಿರುವುಗಳು. ಸ್ಪೋರ್ಟ್ಸ್ ಕಾರಿಗೆ ಇದಕ್ಕಿಂತ ಸೊಗಸಾದ ದಾರಿ ಈ ಸೀಮೆಯಲ್ಲಿಲ್ಲ. ಆದರೆ ಅದೇ ಬೆಟ್ಟಗಳ ಅದಿರನ್ನು ಹೊತ್ತ ಲಾರಿಗಳೂ ಅಲ್ಲಿ ಓಡಾಡುತ್ತವೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವುದಕ್ಕೆ ಮುಂಚಿನ ವರ್ಷಗಳಲ್ಲಿ ಈ ಸೀಮೆಯ ರಸ್ತೆಗಳು ಲಾರಿಗಳಿಂದ ಪಟ್ಟ ಪಾಡನ್ನು ಕಂಡವರು ಇನ್ನೂ ಮರೆತಿಲ್ಲ. ಗಣಿಗಾರಿಕೆ ನಿಯಮಕ್ಕೊಳಪಟ್ಟು ಮತ್ತೆ ನಡೆಯುತ್ತಿದೆ. ಲಾರಿಯಿಂದ ಉರುಳಿದ ಅದಿರಿನ ಗಡ್ಡೆ ಸಾಮಾನ್ಯ ಕಲ್ಲಲ್ಲ. ಒಳ್ಳೆಯ ಕಬ್ಬಿಣದ ಅದಿರು ನೀರಿಗಿಂತ ಸುಮಾರು ಐದು ಪಟ್ಟು ತೂಕ. ಕಣಶಿಲೆಯಾದರೋ ಎರಡೂಮುಕ್ಕಾಲು ಪಟ್ಟಿಗಿಂತ ಹೆಚ್ಚಿಲ್ಲ. ಮುಷ್ಟಿಗಾತ್ರದ ಗಡ್ಡೆಯೊಂದು ಎಣ್ಣೆಯ ತೊಟ್ಟಿಗೆ ತಾಗಿ ಎಣ್ಣೆಯೆಲ್ಲ ಸುರಿದುಹೋದರೆ ಎಂಜಿನ್ನಿನ ಬಾಳು ಅಲ್ಲಿಗೇ ಮುಗಿಯಿತು. ಈ ದಾರಿಗೆ ಹೋಗುವವರು ತಗ್ಗಿಸಲಿ ಬಿಡಲಿ, ಆ ತೊಟ್ಟಿಯ ಕೆಳಗೆ ಲೋಹದ ತಗಡೊಂದನ್ನು ಹಾಕಿಸಿಕೊಳ್ಳುವುದು ಲೇಸು. ತಗಡೂ ಎತ್ತರದಲ್ಲಿ ತನ್ನ ಪಾಲು ಕೇಳುತ್ತದೆ.

ಕಂಪ್ಲಿಯ ಬಯಲಿನಲ್ಲಿ ತಿರುವುಗಳ ಮಾತೇ ಇಲ್ಲ. ಆದುದರಿಂದ ತಗ್ಗಿನ ಲಾಭವೂ ಇಲ್ಲ. ಅಪಾಯ ಮಾತ್ರ ಉಂಟು. ಕೊಯ್ಲಿನ ಕಾಲದಲ್ಲಿ ಕಣವಿಲ್ಲದವರು ಪೈರನ್ನು ರಸ್ತೆಯ ಮೇಲೆಯೇ ಹರಡುವುದನ್ನು ನಮ್ಮ ನಾಡಿನ ಎಲ್ಲ ಭಾಗಗಳಲ್ಲಿಯೂ ನೋಡುತ್ತೇವೆ. ಒಣಹುಲ್ಲು ತಗ್ಗಾದ ಕಾರಿನ ಹೊಟ್ಟೆಗೆ ತೊಡರಿ, ಕಾದ ಹೊಗೆಕೊಳವೆಗೆ ಸುತ್ತಿಕೊಂಡರೆ ಬೆಂಕಿ ಹತ್ತುವುದು ನಿಮಿಷಗಳ ಕೆಲಸ. ಅಂಥಲ್ಲಿ ಇಳಿದು, ಹೊಲದವರನ್ನು ಕೇಳಿ ದಾರಿ ಬಿಡಿಸಿಕೊಂಡು ಹೋಗುವುದೇ ಸರಿ.

ಕಾಯಿದೆಯ ಮಾತೊಂದು ಉಳಿದಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು, ತಯಾರಕರು ಗೊತ್ತುಮಾಡಿದ್ದಕ್ಕೆ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2021ರ ನಿಯಮಗಳ ಪ್ರಕಾರ, ಐವತ್ತು ವರ್ಷ ಮೀರಿದ ಕಾರನ್ನು ‘ವಿಂಟೇಜ್’ ಎಂದು ನೋಂದಾಯಿಸಬೇಕಾದರೆ ಅದು ಮೂಲರೂಪದಲ್ಲಿಯೇ ಉಳಿದಿರಬೇಕು; ಹಾಗೆ ನೋಂದಾಯಿಸಿದ ಮೇಲೆ ಅದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಹುಟ್ಟೆತ್ತರಕ್ಕೆ ಮರಳಿಸುವವರಾದರೂ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ತೆಗೆದ ಹಳೆಯ ಸ್ಪ್ರಿಂಗುಗಳಿಗೆ ಎಡ ಬಲ ಎಂದು ಚೀಟಿ ಕಟ್ಟಿ, ಗ್ರೀಸು ಸವರಿ ಅಟ್ಟದ ಮೇಲಿಡತಕ್ಕದ್ದು. ಕೆಲಸ ಮುಗಿದ ಮೇಲೆ ಚಕ್ರಗಳ ಓರೆಯನ್ನು ಮತ್ತೆ ಹೊಂದಿಸಿ, ದೀಪಗಳ ಬೆಳಕು ಎಲ್ಲಿ ಬೀಳುತ್ತದೆಂದು ಗೋಡೆಯ ಮುಂದೆ ನಿಲ್ಲಿಸಿ ನೋಡಿರಿ. ಅನಂತರ ಪೂರ್ಣ ಹೊರೆಯೊಂದಿಗೆ, ಅಂದರೆ ಇಬ್ಬರು ಜನ, ಪೆಟ್ರೋಲು, ಪೆಟ್ಟಿಗೆಗಳ ಸಮೇತ, ನೆಲದಿಂದ ಕಾರಿನ ಅತ್ಯಂತ ತಗ್ಗಾದ ಭಾಗಕ್ಕೆ ಎಷ್ಟು ಅಂಗುಲವೆಂದು ಅಳೆದು ಬರೆದಿಟ್ಟುಕೊಳ್ಳಿರಿ. ಹಂಪಿಯ ದಾರಿಯಲ್ಲಿ ಅನುಮಾನದ ಉಬ್ಬು ಎದುರಾದಾಗ ಕೆಳಗಿಳಿದು ಗೇಣು ಹಾಕಿ ನೋಡಲು ಆ ಅಂಕಿ ಬೇಕಾಗುತ್ತದೆ.