ಹಾಡಿನ ಜಾತ್ರೆ ಮುಗಿದ ಮೇಲೆ ಹೊಲದ ಗತಿ ಏನು?

ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಉತ್ಸವದ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತೆ. ಕಣ್ಣು ಹಾಯಿಸಿದಷ್ಟು ದೂರ ಜನ, ಬಣ್ಣಬಣ್ಣದ ಟೆಂಟು, ನಡುವೆ ಪಿರಮಿಡ್ ಆಕಾರದ ದೊಡ್ಡ ವೇದಿಕೆ. ಮುಂದಿನ ಸಲ ನೋಡುವಾಗ ಆ ಜನರ ಕಾಲ ಕೆಳಗೆ ನೋಡಿ. ಅದು ಹಸು ಮೇಯೋ ಹುಲ್ಲುಗಾವಲು. ಎರಡು ಲಕ್ಷ ಜನ ಐದು ದಿನ ಕುಣಿದ ಮೇಲೆ ಅದೇ ನೆಲದಲ್ಲಿ ಮತ್ತೆ ಹುಲ್ಲು ಬರಬೇಕು, ಹಸು ಹಾಲು ಕೊಡಬೇಕು.

ಈ ವಾರ ಈ ವಿಷಯ ಎತ್ತಿಕೊಳ್ಳೋಕೆ ಕಾರಣ ಇದೆ. ಪಟ್ಟಣದ ಹತ್ತಿರ ಹೊಲ ಇರೋ ಹುಡುಗರು ನನ್ನನ್ನು ಆಗಾಗ ಕೇಳ್ತಾರೆ: "ಅಣ್ಣ, ಈವೆಂಟ್‌ನವರು ಎರಡು ದಿನಕ್ಕೆ ಜಾಗ ಕೇಳ್ತಿದ್ದಾರೆ. ಒಂದು ಬೆಳೆಯ ದುಡ್ಡು ಎರಡೇ ದಿನಕ್ಕೆ ಬರುತ್ತೆ, ಕೊಡಲಾ?" ಕೊಡಬೇಡಿ ಅಂತ ನಾನು ಹೇಳಲ್ಲ. ಆದರೆ ಹೊಲ ಕೊಟ್ಟ ಮೂರು ಊರಿನ ಕಥೆ ಕೇಳಿ, ಆಮೇಲೆ ತೀರ್ಮಾನ ಮಾಡಿ.

ವುಡ್‌ಸ್ಟಾಕ್: ಮೂರು ದಿನದ ಹೆಸರು, ಉಳಿದ ತಲೆನೋವು

1969ರ ಆಗಸ್ಟ್. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬೆಥೆಲ್ ಅನ್ನೋ ಊರು. ಮ್ಯಾಕ್ಸ್ ಯಾಸ್ಗರ್ ಅಲ್ಲಿನ ದೊಡ್ಡ ಹೈನುಗಾರ. ಬೇರೆ ಕಡೆ ಜಾಗ ಸಿಗದೆ ಒದ್ದಾಡ್ತಿದ್ದ ಹುಡುಗರಿಗೆ ತನ್ನ ಜಮೀನು ಬಾಡಿಗೆಗೆ ಕೊಟ್ಟ. ಐವತ್ತು ಸಾವಿರ ಜನ ಬರಬಹುದು ಅಂತ ಆಯೋಜಕರು ಹೇಳಿದ್ದರು. ಬಂದವರು ನಾಲ್ಕು ಲಕ್ಷಕ್ಕೂ ಹೆಚ್ಚು. ಮೊದಲ ರಾತ್ರಿ ನಮ್ಮ ಪಂಡಿತ್ ರವಿಶಂಕರ್ ಸಿತಾರ್ ನುಡಿಸುವಾಗಲೇ ಮಳೆ ಹಿಡಿದಿತ್ತು. ಮಳೆ, ಜನ, ವಾಹನ ಎಲ್ಲ ಸೇರಿ ಹೊಲ ಕೆಸರುಗದ್ದೆ ಆಯ್ತು.

ಯಾಸ್ಗರ್ ಒಳ್ಳೆ ಮನುಷ್ಯ. ಅಕ್ಕಪಕ್ಕದವರು ಕೆಲವರು ಬಂದ ಜನರಿಗೆ ನೀರು ಮಾರ್ತಿದ್ದಾರೆ ಅಂತ ಗೊತ್ತಾದಾಗ ಸಿಟ್ಟಾಗಿ, ನೀರು ಪುಕ್ಕಟೆ ಅಂತ ತನ್ನ ಕೊಟ್ಟಿಗೆಯ ಹತ್ತಿರ ಬೋರ್ಡ್ ಹಾಕಿಸಿದ. ಆದರೆ ಆಮೇಲೆ ತಮ್ಮ ಜಮೀನಿಗೆ ಹಾನಿ ಆಯ್ತು ಅಂತ ನೆರೆಯವರು ಅವನ ಮೇಲೇ ಕೇಸ್ ಹಾಕಿದರು. ಮುಂದಿನ ವರ್ಷ ಮತ್ತೆ ಜಾಗ ಕೇಳಿದಾಗ ಅವನು ಒಪ್ಪಲಿಲ್ಲ, ಹೈನುಗಾರಿಕೆ ನೋಡ್ಕೊಂಡು ಇರ್ತೀನಿ ಅಂದುಬಿಟ್ಟ. 1971ರಲ್ಲಿ ಜಮೀನು ಮಾರಿದ, 1973ರಲ್ಲಿ ತೀರಿಕೊಂಡ. ಉತ್ಸವ ನಡೆದ ಜಾಗ ಈಗ ಸ್ಮಾರಕ, ಪಕ್ಕದಲ್ಲೇ ಕಲಾಕೇಂದ್ರ. ಹಾಲು ಕರೆಯೋದು ಅಲ್ಲಿ ಇಲ್ಲ.

ಗ್ಲಾಸ್ಟನ್‌ಬರಿ: ಹಾಲಿನ ದುಡ್ಡಲ್ಲಿ ಹಾಡುಗಾರರಿಗೆ ಕಂತು

ಅದೇ ಹೊತ್ತಲ್ಲಿ ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ, ಪಿಲ್ಟನ್ ಅನ್ನೋ ಹಳ್ಳಿಯಲ್ಲಿ ಮೈಕೆಲ್ ಈವಿಸ್ ಅನ್ನೋ ಯುವ ರೈತ ಇದ್ದ. 1954ರಲ್ಲಿ ಅಪ್ಪ ತೀರಿಕೊಂಡಾಗ ಅವನಿಗೆ ವಯಸ್ಸು ಹತ್ತೊಂಬತ್ತು. ಕೈಗೆ ಬಂದಿದ್ದು ವರ್ದಿ ಫಾರ್ಮ್ ಅನ್ನೋ ಸುಮಾರು 150 ಎಕರೆ ಜಮೀನು, ಅರವತ್ತು ಹಸು, ಜೊತೆಗೆ ಸಾಲ. 1970ರಲ್ಲಿ ಹತ್ತಿರದ ಒಂದು ಸಂಗೀತ ಉತ್ಸವ ನೋಡಿ ಬಂದವನಿಗೆ, ನಮ್ಮ ಹೊಲದಲ್ಲೂ ಹೀಗೆ ಮಾಡಿದರೆ ಸಾಲಕ್ಕೆ ಒಂದಿಷ್ಟು ಕಟ್ಟಬಹುದಲ್ಲ ಅನ್ನಿಸ್ತು.

ಅದೇ ವರ್ಷ ಸೆಪ್ಟೆಂಬರ್ 19ರಂದು ಮೊದಲ ಉತ್ಸವ. ಟಿಕೆಟ್ ಒಂದು ಪೌಂಡ್, ಜೊತೆಗೆ ಫಾರ್ಮಿನ ಹಾಲು ಪುಕ್ಕಟೆ. ಬಂದವರು ಸುಮಾರು 1,500 ಜನ. ಲಾಭ ಬರೋದಿರಲಿ, ಕೈಯಿಂದಲೇ ಹೋಯ್ತು. ಮುಖ್ಯ ತಂಡಕ್ಕೆ ಕೊಡಬೇಕಿದ್ದ 500 ಪೌಂಡನ್ನು ತಿಂಗಳಿಗೆ 100ರಂತೆ ಹಾಲಿನ ದುಡ್ಡಲ್ಲಿ ತೀರಿಸಿದ. ಹಸು ಇದ್ದಿದ್ದಕ್ಕೆ ಆ ನಷ್ಟ ತಡ್ಕೊಂಡ. ಸೈಡ್ ಬಿಸಿನೆಸ್ ಅಂತ ಹೊರಡೋ ನಮ್ಮ ಹುಡುಗರು ಇದನ್ನು ನೆನಪಿಟ್ಟುಕೊಳ್ಳಬೇಕು.

ಆಮೇಲೂ ಅವನು ಕೃಷಿ ಬಿಡಲಿಲ್ಲ. 1981ರಲ್ಲಿ ಕಟ್ಟಿದ ಗಟ್ಟಿ ಪಿರಮಿಡ್ ವೇದಿಕೆ, ಉತ್ಸವ ಇಲ್ಲದಾಗ ದನದ ಕೊಟ್ಟಿಗೆ ಮತ್ತು ಮೇವಿನ ಗೋದಾಮು. 1994ರಲ್ಲಿ ಅದು ಸುಟ್ಟುಹೋಗೋವರೆಗೂ ಹಾಗೇ ನಡೀತು. ಈಗ ಅಕ್ಕಪಕ್ಕದ ರೈತರ ಜಮೀನೂ ಬಾಡಿಗೆಗೆ ಸೇರಿ ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ಉತ್ಸವ ನಡೆಯುತ್ತೆ. ಮಗಳು ಎಮಿಲಿ ಜವಾಬ್ದಾರಿ ಹೊತ್ತಿದ್ದಾರೆ. ಹೈನುಗಾರಿಕೆ ಇನ್ನೂ ಇದೆ. ಉತ್ಸವದ ದಿನಗಳಲ್ಲಿ ಹಸುಗಳು ಕೊಟ್ಟಿಗೆಯಲ್ಲೇ ಇರ್ತವೆ.

ಪಾಳು ಬಿಡೋ ವರ್ಷ

ಐವತ್ತು ವರ್ಷ ಕಳೆದರೂ ಆ ನೆಲ ಹೇಗೆ ತಡೀತು? ಮುಖ್ಯ ಕಾರಣ ನಮ್ಮ ಅಜ್ಜಂದಿರಿಗೂ ಗೊತ್ತಿದ್ದದ್ದೇ: ಪಾಳು ಬಿಡೋದು. ಸುಮಾರು ಐದಾರು ವರ್ಷಕ್ಕೊಮ್ಮೆ ಉತ್ಸವವನ್ನೇ ನಿಲ್ಲಿಸ್ತಾರೆ. ರೈತರು ಬಳಸೋ ಪಾಳು ಅನ್ನೋ ಪದವನ್ನೇ ಅಲ್ಲೂ ಬಳಸ್ತಾರೆ. 2006, 2012, 2018ರಲ್ಲಿ ಹೀಗೆ ಬಿಟ್ಟರು, 2026ಕ್ಕೂ ಅದೇ ತೀರ್ಮಾನ. ಟಿಕೆಟ್ ಮಾರಾಟಕ್ಕಿಟ್ಟರೆ ನಿಮಿಷಗಳಲ್ಲಿ ಖಾಲಿ ಆಗೋ ಉತ್ಸವ ಅದು. ಅಷ್ಟು ಆದಾಯ ಬಿಟ್ಟು ನೆಲಕ್ಕೂ ಊರಿನವರಿಗೂ ವಿಶ್ರಾಂತಿ ಕೊಡ್ತಾರೆ.

ಇದರ ಹಿಂದಿನ ಲೆಕ್ಕ ಹೀಗಿದೆ. ಒಳ್ಳೆ ಮಣ್ಣಿನ ಅರ್ಧದಷ್ಟು ಜಾಗ ಸಣ್ಣಸಣ್ಣ ಸಂದುಗಳು. ಗಾಳಿ, ನೀರು, ಬೇರು ಓಡಾಡೋದು ಅಲ್ಲೇ. ಒಣ ಮಣ್ಣು ತುಳಿತ ಸ್ವಲ್ಪ ತಡೆಯುತ್ತೆ. ಹಸಿ ಮಣ್ಣಿನ ಮೇಲೆ ಸಾವಿರಾರು ಕಾಲು, ಲಾರಿ ಚಕ್ರ ಬಿದ್ದರೆ ಸಂದುಗಳು ಮುಚ್ಚಿಹೋಗ್ತವೆ. ಜೇಡಿಮಣ್ಣಿನಲ್ಲಂತೂ ಇನ್ನೂ ಜಾಸ್ತಿ. ಆಮೇಲೆ ಬಿದ್ದ ಮಳೆ ಇಂಗಲ್ಲ, ಎರೆಹುಳು ಓಡಾಡಲ್ಲ, ಬೇರು ಮೇಲೇ ಸುತ್ತುತ್ತೆ. ಮೇಲೊಮ್ಮೆ ಉಳುಮೆ ಮಾಡಿದರೆ ಕಣ್ಣಿಗೆ ಚೆನ್ನಾಗಿ ಕಾಣುತ್ತೆ, ಕೆಳಗಿನ ಗಟ್ಟಿ ಪದರ ಹಾಗೇ ಇರುತ್ತೆ.

ಇನ್ನೊಂದು ಅಪಾಯ ಕಬ್ಬಿಣ. ಟೆಂಟ್ ಕಟ್ಟೋ ಲೋಹದ ಗೂಟ ಹುಲ್ಲಲ್ಲಿ ಉಳಿದರೆ ಹಸು ನುಂಗುತ್ತೆ. ಅದು ಎರಡನೇ ಹೊಟ್ಟೆಯಲ್ಲಿ ಸಿಕ್ಕಿಹಾಕ್ಕೊಂಡು, ಚುಚ್ಚಿ, ಹೃದಯದವರೆಗೂ ಹೋಗಬಹುದು. ಅದಕ್ಕೇ ಅಲ್ಲಿ ಕಸ ಆಯ್ದ ಮೇಲೆ ಟ್ರ್ಯಾಕ್ಟರಿಗೆ ದೊಡ್ಡ ಅಯಸ್ಕಾಂತ ಕಟ್ಟಿ ಹೊಲದ ತುಂಬ ಓಡಿಸ್ತಾರೆ. ಪೂರ್ತಿ ಸ್ವಚ್ಛ ಆಗೋಕೆ ವಾರಗಟ್ಟಲೆ ಬೇಕು.

ಇಷ್ಟೆಲ್ಲ ಮಾಡಿದರೂ ಎಡವಟ್ಟು ಆಗಿದೆ. 2014ರಲ್ಲಿ ಶೌಚದ ನೀರಿನ ತೊಟ್ಟಿ ಸೋರಿ ವೈಟ್‌ಲೇಕ್ ಅನ್ನೋ ಹೊಳೆಗೆ ಸೇರಿ ಮೀನುಗಳು ಸತ್ತವು. 2016ರಲ್ಲಿ ಕೋರ್ಟ್ ದಂಡ ಹಾಕಿತು.

ವಾಕನ್: ಹೊಲಕ್ಕೆ ಲಾರಿ ಬರಬಾರದು ಅಂತ ಪೈಪ್

ಮೂರನೇ ಊರು ಜರ್ಮನಿಯ ವಾಕನ್. ಎರಡು ಸಾವಿರ ಜನರ ಹಳ್ಳಿ. 1990ರಲ್ಲಿ ಕೆಲವು ನೂರು ಜನರೊಂದಿಗೆ ಶುರುವಾದ ಹೆವಿ ಮೆಟಲ್ ಸಂಗೀತದ ಉತ್ಸವಕ್ಕೆ ಈಗ 85 ಸಾವಿರ ಜನ ಸೇರ್ತಾರೆ. 2017ರಲ್ಲಿ ಆಯೋಜಕರು ನೆಲದಡಿ ಸುಮಾರು ಏಳು ಕಿಲೋಮೀಟರ್ ಪೈಪ್ ಹಾಕಿಸಿ ಬಿಯರ್ ಹರಿಸಿದರು. ಪತ್ರಿಕೆಗಳಿಗೆ ಅದು ತಮಾಷೆ ಸುದ್ದಿ. ನನಗೆ ಹಿಡಿಸಿದ್ದು ಅದರ ಕಾರಣ: ಬಿಯರ್ ಲಾರಿಗಳು ಹೊಲ ತುಳಿಯೋದು ಕಡಿಮೆ ಆಗಲಿ ಅಂತ.

2023ರಲ್ಲಿ ಉತ್ಸವಕ್ಕೆ ಮೊದಲೇ ಜೋರು ಮಳೆ ಬಂತು. ಕಾರುಗಳನ್ನು ಟ್ರ್ಯಾಕ್ಟರಿನಿಂದ ಎಳೀಬೇಕಾಯ್ತು. ಟಿಕೆಟ್ ಇದ್ದ ಸಾವಿರಾರು ಜನ ಇನ್ನೂ ದಾರಿಯಲ್ಲಿರುವಾಗಲೇ ಆಯೋಜಕರು ಪ್ರವೇಶ ನಿಲ್ಲಿಸಿದರು. ನೆಲ ಆಗಲ್ಲ ಅಂದರೆ ಆಗಲ್ಲ, ಅಷ್ಟೆ.

ನಿಮ್ಮ ಹೊಲ ಕೇಳಿಕೊಂಡು ಬಂದರೆ

ನಮ್ಮ ಎರಡು-ಮೂರು ಎಕರೆಗೆ ಈ ಪಾಠ ಹೇಗೆ ಅನ್ವಯ ಆಗುತ್ತೆ? ನಾನು ಹುಡುಗರಿಗೆ ಹೇಳೋದು ಇಷ್ಟು:

1. ಬರವಣಿಗೆಯಲ್ಲಿ ಒಪ್ಪಂದ. ಎಷ್ಟು ಜನ, ಎಷ್ಟು ವಾಹನ, ಎಷ್ಟು ದಿನ, ಯಾರು ಕಸ ತೆಗೀತಾರೆ, ಎಲ್ಲ ಇರಲಿ. ಬಾಡಿಗೆ ಬೇರೆ, ಠೇವಣಿ ಬೇರೆ. ಹೊಲ ಸ್ವಚ್ಛ ಆದ ಮೇಲೇ ಠೇವಣಿ ವಾಪಸ್.

2. ಮಳೆಯ ಷರತ್ತು. ಮಣ್ಣು ಹಸಿ ಇದ್ದರೆ ಹೊಲದೊಳಗೆ ವಾಹನ ಇಲ್ಲ ಅಂತ ಮೊದಲೇ ಬರೆಸಿ. ಒಂದು ಮುಷ್ಟಿ ಮಣ್ಣು ಹಿಸುಕಿ ನೋಡಿ, ಉಂಡೆ ಕಟ್ಟಿದರೆ ಗಾಡಿ ಇಳಿಸಬೇಡಿ. ವಾಹನಕ್ಕೆ ಒಂದೇ ದಾರಿ ಗುರುತು ಮಾಡಿದರೆ ಹಾಳಾಗೋದು ಆ ಪಟ್ಟಿ ಮಾತ್ರ.

3. ಶೌಚ ಮತ್ತು ನೀರು. ಬಾವಿ, ಬೋರ್‌ವೆಲ್, ಕೆರೆ, ಹಳ್ಳದಿಂದ ಶೌಚಾಲಯ ದೂರ ಇರಲಿ. ತುಂಬಿದ್ದನ್ನು ಯಾರು, ಎಲ್ಲಿಗೆ ಸಾಗಿಸ್ತಾರೆ ಅಂತ ಕೇಳಿ.

4. ಮೊಳೆ, ತಂತಿ, ಗೂಟ. ಎಲ್ಲ ಆಯ್ದು ಮುಗಿಯೋವರೆಗೂ ದನ ಬಿಡಬೇಡಿ. ಸ್ಪೀಕರಿನ ಹಳೇ ಅಯಸ್ಕಾಂತವನ್ನು ಕೋಲಿಗೆ ಕಟ್ಟಿ ಎಳೆದರೂ ಸಾಕಷ್ಟು ಸಿಗುತ್ತೆ.

5. ಅನುಮತಿ, ನೆರೆಹೊರೆ. ಪೊಲೀಸ್, ಪಂಚಾಯ್ತಿ ಅನುಮತಿ ಪತ್ರ ಕೈಯಲ್ಲಿರಲಿ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕಕ್ಕೆ ಕಾನೂನಿನ ನಿರ್ಬಂಧ ಇದೆ. ಪಕ್ಕದ ಹೊಲದವರಿಗೆ ಮೊದಲೇ ತಿಳಿಸಿ, ಯಾಸ್ಗರ್ ಕಥೆ ನೆನಪಿರಲಿ.

6. ಆಮೇಲಿನ ಆರೈಕೆ. ಒಂದು ಕಬ್ಬಿಣದ ಸರಳನ್ನು ಹದವಾದ ಮಣ್ಣಿಗೆ ಒತ್ತಿ ನೋಡಿ. ತುಳಿದ ಜಾಗದಲ್ಲಿ ಬೇಗ ತಡೆದರೆ ಮಣ್ಣು ಬಿಗಿದಿದೆ ಅಂತ. ಅಂಥ ಕಡೆ ಮಣ್ಣು ಒಣಗಿದಾಗ ಆಳ ಉಳುಮೆ ಮಾಡಿಸಿ. ಮಳೆ ಬಂದ ಮೇಲೆ ಸೆಣಬು ಅಥವಾ ಡಯಂಚ ಬಿತ್ತಿ, ಹೂ ಬರೋ ಹೊತ್ತಿಗೆ ಮಣ್ಣಿಗೆ ಸೇರಿಸಿ. ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಕೊಡಿ.

ಬಾಡಿಗೆ ಮಾತಾಡುವಾಗ ಎರಡು ದಿನದ ಲೆಕ್ಕ ಹಾಕಬೇಡಿ. ಕೈ ತಪ್ಪೋ ಒಂದು ಹಂಗಾಮಿನ ಬೆಳೆ, ಉಳುಮೆ, ಹಸಿರೆಲೆ ಗೊಬ್ಬರದ ಬೀಜ, ಕೂಲಿ ಎಲ್ಲ ಸೇರಿಸಿ. ಅದಕ್ಕಿಂತ ಜಾಸ್ತಿ ಕೊಟ್ಟರೆ, ಷರತ್ತಿಗೆ ಒಪ್ಪಿದರೆ ಕೊಡಿ. ಇಲ್ಲಾಂದ್ರೆ ಕೈಮುಗಿದು ಕಳಿಸಿಬಿಡಿ. ಹಾಡುಗಾರರು ಮರುದಿನ ಬಸ್ ಹತ್ತಿ ಹೋಗ್ತಾರೆ, ಆ ಮಣ್ಣಿನ ಜೊತೆ ಇರಬೇಕಾದವರು ನೀವು.