ನದಿ, ದಿನ ಮತ್ತು ಗಣಕ: ಅಕ್ಷರಪಲ್ಲಟದ ಪರೀಕ್ಷೆ

ಒಂದು ಪದದ ಅಕ್ಷರಗಳನ್ನೇ ಸ್ಥಾನ ಬದಲಿಸಿ ಜೋಡಿಸಿದಾಗ ಇನ್ನೊಂದು ಪದ ದೊರೆಯುವುದಾದರೆ ಆ ಎರಡನ್ನೂ ಅಕ್ಷರಪಲ್ಲಟಗಳು ಎನ್ನಬಹುದು. ಪ್ರೋಗ್ರಾಮರುಗಳು ಇವನ್ನು ಅನಗ್ರಾಮ್ ಎನ್ನುತ್ತಾರೆ. ‘ನದಿ’ ಮತ್ತು ‘ದಿನ’, ‘ಕಪಿ’ ಮತ್ತು ‘ಪಿಕ’, ‘ರಸ’ ಮತ್ತು ‘ಸರ’ ಇಂಥ ಜೋಡಿಗಳು. ಎರಡು ಪದಗಳ ನಡುವೆ ಈ ಸಂಬಂಧ ಇದೆಯೇ ಎಂದು ಹೇಳಬಲ್ಲ ಪ್ರೋಗ್ರಾಮ್ ಬರೆಯುವುದು ಸಾಫ್ಟ್‌ವೇರ್ ಉದ್ಯೋಗದ ಸಂದರ್ಶನಗಳಲ್ಲಿ ಹೊಸಬರಿಗೆ ಒಡ್ಡುವ ಚಿರಪರಿಚಿತ ಪರೀಕ್ಷೆ. ಇಂಗ್ಲಿಷ್ ಪದಗಳ ಮಟ್ಟಿಗೆ ಕೆಲವೇ ಸಾಲುಗಳಲ್ಲಿ ಮುಗಿಯುವ ಈ ಕೆಲಸ ಕನ್ನಡಕ್ಕೆ ಬಂದೊಡನೆ, ಗಣಕವು ಯಾವುದನ್ನು ಒಂದು ಅಕ್ಷರವೆಂದು ಎಣಿಸಬೇಕು ಎಂಬ ಮೂಲಭೂತ ಪ್ರಶ್ನೆಯನ್ನು ಎತ್ತುತ್ತದೆ.

ಮೊದಲ ಪದದ ಎಲ್ಲ ಜೋಡಣೆಗಳನ್ನೂ ಸೃಷ್ಟಿಸಿ ಅವುಗಳಲ್ಲಿ ಎರಡನೆಯದನ್ನು ಹುಡುಕುವುದು ಸಹಜವಾಗಿ ಹೊಳೆಯುವ ದಾರಿಯಾದರೂ, ಹತ್ತು ಭಿನ್ನ ಅಕ್ಷರಗಳ ಪದವೊಂದಕ್ಕೇ 36,28,800 ಜೋಡಣೆಗಳಿರುವುದರಿಂದ ಅದು ವ್ಯರ್ಥ ಶ್ರಮವಾಗುತ್ತದೆ. ಅದಕ್ಕೆ ಬದಲಾಗಿ ಎರಡೂ ಪದಗಳ ಅಕ್ಷರಗಳನ್ನು ಅಕಾರಾದಿಯಾಗಿ ಜೋಡಿಸಿ, ದೊರೆತ ಸಾಲುಗಳು ಒಂದೇ ಆಗಿವೆಯೇ ಎಂದು ನೋಡಿದರೆ ಸಾಕು. ಹೀಗೆ ಜೋಡಿಸಿದ ಸಾಲನ್ನು ಪದದ ‘ಸಹಿ’ ಎಂದು ಕರೆದು, ಒಂದೇ ಸಹಿಯ ಪದಗಳನ್ನು ನಿಘಂಟಿನಿಂದ ಗುಂಪುಗೂಡಿಸುವ ವಿಧಾನವನ್ನು ಜಾನ್ ಬೆಂಟ್ಲಿ 1986ರಲ್ಲಿ ಪ್ರಕಟವಾದ ‘ಪ್ರೋಗ್ರಾಮಿಂಗ್ ಪರ್ಲ್ಸ್’ ಕೃತಿಯಲ್ಲಿ ವಿವರಿಸಿ ಜನಪ್ರಿಯಗೊಳಿಸಿದರು.

ಆದರೆ ಈ ಸಹಿಯ ಕಲ್ಪನೆ ಗಣಕಕ್ಕಿಂತ ಬಹಳ ಹಳೆಯದು. ಹದಿನೇಳನೆಯ ಶತಮಾನದ ಯುರೋಪಿನ ವಿಜ್ಞಾನಿಗಳು ಒಂದು ಶೋಧದ ಮೇಲಿನ ತಮ್ಮ ಹಕ್ಕನ್ನು ಕಾಯ್ದಿರಿಸಿಕೊಳ್ಳುತ್ತಲೇ ಅದರ ತಿರುಳನ್ನು ಗುಟ್ಟಾಗಿಡಲು ಅಕ್ಷರಪಲ್ಲಟವನ್ನು ಬಳಸುತ್ತಿದ್ದರು. 1610ರಲ್ಲಿ ಗೆಲಿಲಿಯೊ ಶನಿಗ್ರಹದ ಕುರಿತ ತನ್ನ ವೀಕ್ಷಣೆಯನ್ನು ಕಲಸಿದ 37 ಅಕ್ಷರಗಳಲ್ಲಿ ಅಡಗಿಸಿದಾಗ, ಅದನ್ನು ಬಿಡಿಸಹೊರಟ ಕೆಪ್ಲರ್ ಮಂಗಳನಿಗೆ ಎರಡು ಚಂದ್ರರಿದ್ದಾರೆ ಎಂಬ ಬೇರೆಯದೇ ಅರ್ಥವನ್ನು ಹೊರಡಿಸಿದನು. ರಾಬರ್ಟ್ ಹುಕ್ ಸ್ಥಿತಿಸ್ಥಾಪಕತ್ವದ ನಿಯಮವನ್ನು 1676ರಲ್ಲಿ 14 ರೋಮನ್ ಅಕ್ಷರಗಳ ಸಾಲಾಗಿ ಪ್ರಕಟಿಸಿ, ಹಿಗ್ಗುವಿಕೆ ಎಷ್ಟೋ ಬಲವೂ ಅಷ್ಟೇ ಎಂಬ ಅರ್ಥದ ಲ್ಯಾಟಿನ್ ವಾಕ್ಯವನ್ನು 1678ರಲ್ಲಿ ಹೊರಗೆಡಹಿದನು. ಗೆಲಿಲಿಯೊನ ಸಾಲಿನಂತಲ್ಲದೆ ಹುಕ್‌ನ ಸಾಲು ಅಕ್ಷರಮಾಲೆಯ ಕ್ರಮದಲ್ಲೇ ಇದ್ದುದರಿಂದ ಅದು ಬೆಂಟ್ಲಿ ಹೇಳುವ ಸಹಿಯೇ ಆಗಿತ್ತು. ಅದರಲ್ಲಿ ಲ್ಯಾಟಿನ್ನಿನ ‘ಯು’ ಮತ್ತು ‘ವಿ’ಗಳನ್ನು ಒಂದೇ ಅಕ್ಷರವೆಂದು ಎಣಿಸಲಾಗಿತ್ತು ಎಂಬುದು ಇನ್ನೂ ಮುಖ್ಯವಾದ ಸಂಗತಿ, ಯಾವ ಎರಡು ಗುರುತುಗಳು ಸಮಾನ ಎಂಬ ತೀರ್ಮಾನವಿಲ್ಲದೆ ಅಂದೂ ಅಕ್ಷರಪಲ್ಲಟ ಸಾಧ್ಯವಿರಲಿಲ್ಲ.

ಜೋಡಣೆಯ ಗೋಜಿಲ್ಲದ, ಇನ್ನೂ ವೇಗದ ವಿಧಾನವೆಂದರೆ ಎಣಿಕೆ. ಅಂಗಡಿಯ ಜಮಾಖರ್ಚಿನ ಪುಸ್ತಕದಂತೆ, ಮೊದಲ ಪದದ ಪ್ರತಿ ಅಕ್ಷರವನ್ನೂ ಅದರದೇ ಖಾತೆಗೆ ಜಮಾ ಮಾಡಿ, ಎರಡನೆಯ ಪದದ ಪ್ರತಿ ಅಕ್ಷರವನ್ನೂ ಅದೇ ಖಾತೆಯಿಂದ ಕಳೆದಾಗ, ಎಲ್ಲ ಖಾತೆಗಳಲ್ಲೂ ಸೊನ್ನೆ ಉಳಿದರೆ ಪದಗಳು ಅಕ್ಷರಪಲ್ಲಟಗಳು. ಇದಕ್ಕೆ ಬೇಕಾಗುವ ಸಮಯ ಪದದ ಉದ್ದಕ್ಕೆ ಅನುಗುಣವಾಗಿ ಮಾತ್ರ ಬೆಳೆಯುತ್ತದೆ.

ಖಾತೆಯನ್ನು ಯಾವುದರ ಹೆಸರಿನಲ್ಲಿ ತೆರೆಯಬೇಕು ಎಂಬಲ್ಲಿ ಕನ್ನಡದ ತೊಡಕು ಇದೆ. ಭಾರತ ಸರ್ಕಾರದ 1988ರ ಇಸ್ಕಿ ಸಂಕೇತವ್ಯವಸ್ಥೆಯನ್ನು ಅನುಸರಿಸಿ ಯುನಿಕೋಡ್ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿದ್ದು, ಸ್ವರ, ವ್ಯಂಜನ, ಸ್ವರಚಿಹ್ನೆ, ಹಲಂತ ಇವುಗಳಿಗೆ ಬೇರೆ ಬೇರೆ ಸಂಕೇತಗಳನ್ನು ನೀಡಿದೆ. ಹೀಗಾಗಿ ಓದುಗರ ಕಣ್ಣಿಗೆ ಮೂರೇ ಅಕ್ಷರಗಳಾಗಿ ಕಾಣುವ ‘ಹೆಬ್ಬಾಳ’ ಗಣಕದಲ್ಲಿ ಏಳು ಸಂಕೇತಗಳಾಗುತ್ತದೆ, ಬೆಂಗಳೂರಿನ ಬಡಾವಣೆಯಾದ ‘ಆರ್.ಟಿ. ನಗರ’ದ ಹೆಸರಿನಿಂದ ಚುಕ್ಕಿಗಳನ್ನೂ ತೆರಪನ್ನೂ ತೆಗೆದ ಮೇಲೆ, ‘ರ್’ ಮತ್ತು ‘ಟಿ’ ಕೂಡಿ ಒಂದೇ ಒತ್ತಕ್ಷರವಾಗುವುದರಿಂದ, ಐದು ಅಕ್ಷರಗಳೂ ಎಂಟು ಸಂಕೇತಗಳೂ ಉಳಿಯುತ್ತವೆ. ಸಂಕೇತಗಳನ್ನಷ್ಟೇ ಎಣಿಸುವ ಪ್ರೋಗ್ರಾಮ್ ‘ಮತಿ’ ಮತ್ತು ‘ಮಿತ’ ಎರಡರಲ್ಲೂ ಮಕಾರ, ತಕಾರ ಮತ್ತು ಒಂದು ಗುಡಿಸು ಇರುವುದನ್ನು ಕಂಡು ಅವನ್ನು ಅಕ್ಷರಪಲ್ಲಟಗಳೆಂದು ಘೋಷಿಸುತ್ತದೆ. ಆದರೆ ‘ಮ’ ಮತ್ತು ‘ತಿ’ಯನ್ನು ಹೇಗೆ ಅದಲುಬದಲು ಮಾಡಿದರೂ ‘ಮಿತ’ ಸಿಗುವುದಿಲ್ಲ. ಧ್ವನಿಯ ಮಟ್ಟದಲ್ಲಿ ಎಣಿಸಿದರೆ ಫಲಿತಾಂಶ ಮತ್ತೆ ಬದಲಾಗಿ, ‘ಎಡ’ ಮತ್ತು ‘ಅಡೆ’ ಎರಡರಲ್ಲೂ ಎಕಾರ, ಅಕಾರ, ಡಕಾರಗಳೇ ಇರುವುದರಿಂದ, ಸಂಕೇತಗಳ ಸಂಖ್ಯೆಯೇ ಬೇರೆಯಾದರೂ, ಅವೂ ಜೋಡಿಯಾಗುತ್ತವೆ.

ಆರ್.ಟಿ. ನಗರದ ಪೂರ್ಣ ಹೆಸರಾದ ‘ರವೀಂದ್ರನಾಥ ಠಾಗೋರ್ ನಗರ’ ಇನ್ನೊಂದು ತೊಡಕನ್ನು ತೋರಿಸುತ್ತದೆ. ‘ಗೋ’ ಅಕ್ಷರದ ಓಕಾರ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎಕಾರ, ಊಕಾರ ಮತ್ತು ದೀರ್ಘ ಚಿಹ್ನೆಗಳ ಮೂರು ಸಂಕೇತಗಳಾಗಿಯೂ ದಾಖಲಿಸಲು ಸಾಧ್ಯವಿರುವುದರಿಂದ, ಪರದೆಯ ಮೇಲೆ ಒಂದೇ ಬಗೆಯಾಗಿ ಕಾಣುವ ಎರಡು ‘ಠಾಗೋರ್’ಗಳು ಎಣಿಕೆಯಲ್ಲಿ ಆರು ಮತ್ತು ಎಂಟು ಸಂಕೇತಗಳಾಗಿ ಬೇರೆಯಾಗಬಲ್ಲವು. ಇಂಥ ರೂಪಭೇದಗಳನ್ನು ಒಂದಾಗಿಸುವ ಏಕರೂಪೀಕರಣದ ವಿಧಿಯನ್ನು ಯುನಿಕೋಡ್ ಸ್ವತಃ ನಿಗದಿಪಡಿಸಿದೆ. ಹೋಲಿಕೆಗೆ ಮೊದಲು ಅದನ್ನು ಅನ್ವಯಿಸಿ, ಕಣ್ಣಿಗೆ ಕಾಣದ ಜೋಡಕ ಸಂಕೇತಗಳನ್ನೂ ತೆಗೆದುಹಾಕಬೇಕು.

ಸಂಕೇತ, ಧ್ವನಿ, ಅಕ್ಷರ ಎಂಬ ಈ ಮೂರು ಮಾನಗಳಲ್ಲಿ ಕನ್ನಡಕ್ಕೆ ಒಪ್ಪುವುದು ಯಾವುದು ಎಂಬುದಕ್ಕೆ ದಿನಪತ್ರಿಕೆಗಳ ಪದಬಂಧವೇ ಉತ್ತರ ಕೊಟ್ಟಿದೆ. ಅಲ್ಲಿ ಗುಣಿತಾಕ್ಷರವಾಗಲಿ ಒತ್ತಕ್ಷರವಾಗಲಿ ಒಂದು ಚೌಕದಲ್ಲೇ ಇಡಿಯಾಗಿ ಕೂರುತ್ತದೆ, ಅದನ್ನು ಯಾರೂ ಒಡೆದು ಬರೆಯುವುದಿಲ್ಲ. ಆದ್ದರಿಂದ ಪ್ರೋಗ್ರಾಮ್ ಕೂಡ ಪ್ರತಿ ವ್ಯಂಜನದೊಂದಿಗೆ ಅದರ ಸ್ವರಚಿಹ್ನೆ, ಅನುಸ್ವಾರ, ವಿಸರ್ಗಗಳನ್ನು ಸೇರಿಸಿ, ಹಲಂತದ ಹಿಂದೆಯೇ ವ್ಯಂಜನ ಬಂದರೆ ಅದನ್ನೂ ಕೂಡಿಸಿಕೊಂಡು, ಪದವನ್ನು ಮೊದಲು ಅಕ್ಷರಗಳಾಗಿ ವಿಂಗಡಿಸಿ ಆಮೇಲೆ ಎಣಿಸಬೇಕು. ಕನ್ನಡದ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವವರು ಈ ಪಾಠವನ್ನು ಇಂಗ್ಲಿಷ್ ಉದಾಹರಣೆಗಳಿಗೇ ನಿಲ್ಲಿಸದೆ ‘ಮತಿ’ ಮತ್ತು ‘ಮಿತ’ವನ್ನೂ ಪರೀಕ್ಷೆಗೆ ಒಡ್ಡಬೇಕು, ಆ ಜೋಡಿಗೆ ‘ಅಲ್ಲ’ ಎಂದೂ ‘ನದಿ’, ‘ದಿನ’ಗಳಿಗೆ ‘ಹೌದು’ ಎಂದೂ ಉತ್ತರಿಸುವ ಪ್ರೋಗ್ರಾಮ್ ಮಾತ್ರ ಕನ್ನಡಕ್ಕೆ ಸರಿಯಾದುದು.